ಲಿಬರೇಟರ್ ಮೂಗಿಗೆ ಯಾವ ಚಿತ್ರ ಹಾಕಲಿ?

ಹೇಮಾವತಿ_ಹುಡುಗ, ಹಾಸನ

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ಬಿ-24ಜೆ ಲಿಬರೇಟರ್‌ನ 1/72 ಅಳತೆಯ ಮಾಡೆಲ್ ಕಿಟ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ರೆಕ್ಕೆ ಕೂಡಿಸಿದ ಮೇಲೆ ನೋಡಿದರೆ ಒಂದೂವರೆ ಅಡಿ ಅಗಲ! ಶೋಕೇಸ್‌ನಲ್ಲಿ ಚನ್ನಪಟ್ಟಣದ ಬೊಂಬೆಗಳನ್ನು ಸ್ವಲ್ಪ ಸರಿಸಿ ಅಂದಿದ್ದಕ್ಕೆ ಅಮ್ಮ ಎರಡು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ.

ಈಗ ತಲೆನೋವು ಮೂಗಿನ ಚಿತ್ರದ್ದು, ಅಂದರೆ ಯುದ್ಧಕಾಲದಲ್ಲಿ ವಿಮಾನದ ಮುಂಭಾಗಕ್ಕೆ ಬರೆಯುತ್ತಿದ್ದ ಚಿತ್ರ, ಹೆಸರು. ಪೆಟ್ಟಿಗೆಯಲ್ಲಿದ್ದ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಹಾಳೆ ಹಳದಿಯಾಗಿದೆ. ಅದರಲ್ಲಿರುವ ಹುಡುಗಿಯ ಚಿತ್ರವನ್ನು ನಮ್ಮ ಹಾಲ್‌ನಲ್ಲಿ ಇಡುವ ಧೈರ್ಯ ನನಗಂತೂ ಇಲ್ಲ. ಅಮೆರಿಕದಲ್ಲಿ 'ವಿಚ್‌ಕ್ರಾಫ್ಟ್' ಅಂತ ಹೆಸರು ಬರೆದ ಲಿಬರೇಟರ್ ಫೋಟೋ ನೋಡಿದೆ, ಅದು ಒಂದು ಕಾಲಕ್ಕೆ ನಮ್ಮ ವಾಯುಪಡೆಯಲ್ಲೇ ಹಾರಿದ್ದ ವಿಮಾನವಂತೆ. ಹಾಗಾದರೆ ಮೂಗಿಗೆ ವಿಚ್‌ಕ್ರಾಫ್ಟ್, ರೆಕ್ಕೆಗೆ ನಮ್ಮ ಕೇಸರಿ-ಬಿಳಿ-ಹಸಿರು ಚಕ್ರ ಹಾಕಿದರೆ ಸರಿ ಅಲ್ವಾ? ಬಲ್ಲವರು ಹೇಳಿ.

ತೋಟದ_ಪೈಲಟ್, ಚಿಕ್ಕಮಗಳೂರು

ಸರಿ ಅಲ್ಲ ಮಾರಾಯರೇ. ವಿಮಾನ ಅದೇ, ಆದರೆ ಚಿತ್ರ ಅದರದ್ದಲ್ಲ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳ ರಾಶಿಯನ್ನೇ ಬಿಟ್ಟು ಹೋದರು, ಅದೂ ಯಾರೂ ಬಳಸಬಾರದು ಅಂತ ಕೆಡಿಸಿ. ನಮ್ಮ ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಇದರ ಬಾಲ ಅದಕ್ಕೆ, ಅದರ ಇಂಜಿನ್ ಇದಕ್ಕೆ ಅಂತ ಹೊಂದಿಸಿ, ಹಾರುವ ಮಟ್ಟಕ್ಕೆ ತಂದು ಬೆಂಗಳೂರಿಗೆ ತಂದರು. ಹಾಗೆ ಹಾರಿಸಿಕೊಂಡು ಬಂದವರು ಜಮ್ಷೆಡ್ ಮುನ್ಷಿ ಅನ್ನುವ ಎಚ್‌ಎಎಲ್ ಪೈಲಟ್. ಆ ವಿಮಾನಗಳ ಸ್ಥಿತಿ ನೆನೆಸಿಕೊಂಡರೆ ಅವರ ಗುಂಡಿಗೆ ಎಂಥದ್ದಿರಬೇಕು ಅಂತ ನನಗೆ ಈಗಲೂ ಆಶ್ಚರ್ಯ. ಸುಮಾರು 40 ವಿಮಾನ ಹೀಗೆ ಮತ್ತೆ ಹುಟ್ಟಿದವು. 1948ರಲ್ಲಿ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು, ಆಮೇಲೆ 6ನೇ ಸ್ಕ್ವಾಡ್ರನ್ನೂ ಇವನ್ನು ಹಾರಿಸಿತು. 1968ರವರೆಗೆ ದುಡಿದವು.

ನೀವು ನೋಡಿದ್ದು ಅದರಲ್ಲಿ ಒಂದು. ಅದನ್ನು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೊಂಡು, ಸರಿ ಮಾಡಿ, 1989ರಲ್ಲಿ ಮತ್ತೆ ಹಾರಿಸಿತು. ಆಗ ಅದರ ಮೇಲೆ ಬರೆದದ್ದು 'ಆಲ್ ಅಮೆರಿಕನ್'. ಆಮೇಲೆ 'ದ ಡ್ರ್ಯಾಗನ್ ಅಂಡ್ ಹಿಸ್ ಟೇಲ್' ಆಯಿತು. ವಿಚ್‌ಕ್ರಾಫ್ಟ್ ಆಗಿದ್ದು 2005ರಲ್ಲಿ. ಮೂರೂ ಬೇರೆ ಬೇರೆ ವಿಮಾನಗಳ ಹೆಸರು, ಅವುಗಳ ನೆನಪಿಗೆ ಹಾಕಿದ್ದು. ನಿಜವಾದ ವಿಚ್‌ಕ್ರಾಫ್ಟ್ ಇಂಗ್ಲೆಂಡಿನಿಂದ 130 ಸಲ ದಾಳಿಗೆ ಹೋಗಿ ಬಂದ ಬಿ-24ಎಚ್, ಲಿಬರೇಟರ್‌ನದೇ ಇನ್ನೊಂದು ಮಾದರಿ. ಅದು ಭಾರತದ ಮುಖವನ್ನೇ ನೋಡಲಿಲ್ಲ.

ಬಿಎಂ_ರೋಡ್_ಗುರು, ಹಾಸನ

ಗುರು ನಿನ್ನ ದುಡ್ಡು, ನಿನ್ನ ವಿಮಾನ, ನಿನಗೆ ಬೇಕಾದ್ದು ಅಂಟಿಸು. ಯಾರು ಬಂದು ಕೇಳುತ್ತಾರೆ? ನಾನಾಗಿದ್ದರೆ ಬಾಯಿ ತೆರೆದ ಶಾರ್ಕ್ ಹಾಕುತ್ತಿದ್ದೆ, ಫೋಟೋಗೂ ಚೆನ್ನಾಗಿ ಬರುತ್ತದೆ.

ತೋಟದ_ಪೈಲಟ್, ಚಿಕ್ಕಮಗಳೂರು

ಅಂಟಿಸಲಿ, ಬೇಡ ಅನ್ನಲಿಲ್ಲ. ಅವರು ಕೇಳಿದ್ದು ಸರಿನಾ ಅಂತ. ನಮ್ಮ ಕಾಫಿ ಲಾರಿಗಳನ್ನೇ ನೋಡಿ. ಮುಂದೆ 'ಶ್ರೀ ಹಾಸನಾಂಬ ಕೃಪೆ' ಅಂತ ಬರೆದಿರುತ್ತದೆ, ಲಾರಿ ಮಾರಿದ ವಾರಕ್ಕೆ ಹೊಸ ಓನರ್ ಅದನ್ನು ಕೆರೆದು ತನ್ನ ಮನೆದೇವರ ಹೆಸರು ಬರೆಸುತ್ತಾನೆ. ಯಾವ ವರ್ಷದ ಫೋಟೋ ಅನ್ನುವುದರ ಮೇಲೆ ಯಾವ ದೇವರು ಅಂತ ತೀರ್ಮಾನ. ವಿಮಾನವೂ ಹಾಗೇ. ಮೊದಲು ಒಂದೇ ಒಂದು ವಿಮಾನ ಆರಿಸಿ, ಬಾಲದ ನಂಬರ್ ಸಮೇತ. ಆಮೇಲೆ ಒಂದು ಫೋಟೋ ಹಿಡಿಯಿರಿ. ಚಿತ್ರದ ಪಕ್ಕ ಪ್ರತಿ ದಾಳಿಗೂ ಒಂದು ಪುಟ್ಟ ಬಾಂಬ್ ಬರೆಯುತ್ತಿದ್ದರಲ್ಲ, ಆ ಲೆಕ್ಕ ತಿಂಗಳು ತಿಂಗಳಿಗೂ ಬದಲಾಗುತ್ತದೆ. ನಮ್ಮ ಅಸ್ಸಾಂ, ಬಂಗಾಳದ ಕಡೆಯಿಂದ ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಸಾಗಿಸಿದ ಟ್ರಿಪ್‌ಗಳಿಗೆ ಬಾಂಬ್ ಬದಲು ಒಂಟೆ ಬರೆದದ್ದೂ ಉಂಟು.

ಎಡ ಬಲವನ್ನೂ ನೋಡಿಕೊಳ್ಳಿ. 'ಮೆಂಫಿಸ್ ಬೆಲ್' ಅನ್ನುವ ಬಿ-17 ಬಾಂಬರ್‌ನಲ್ಲಿ ಎಡಗಡೆ ಹುಡುಗಿಯ ಉಡುಪು ನೀಲಿ, ಬಲಗಡೆ ಕೆಂಪು. ಇದು ಗೊತ್ತಿಲ್ಲದೆ ಎರಡೂ ಕಡೆ ನೀಲಿ ಅಂಟಿಸಿ ಬೈಸಿಕೊಂಡವನು ನಾನೇ. ಇನ್ನೊಂದು, ಬಿ-24ಡಿಗೆ ಮೂಗೆಲ್ಲ ಗಾಜು, ಎಚ್ ಮತ್ತು ಜೆಗೆ ಮುಂದೆ ಗನ್ ಗೋಪುರ. ಡಿ ವಿಮಾನದ ಚಿತ್ರ ನಿಮ್ಮ ಕಿಟ್ ಮೇಲೆ ಕೂರುವುದಿಲ್ಲ.

ಶಾರ್ಕ್ ಬಾಯಿ ಜರ್ಮನ್ನರ ಮೆಸ್ಸರ್‌ಸ್ಮಿಟ್ 110 ಯುದ್ಧವಿಮಾನದಿಂದ ಬ್ರಿಟಿಷರ 112ನೇ ಸ್ಕ್ವಾಡ್ರನ್‌ಗೆ ಬಂದು, ಅಲ್ಲಿಂದ ಚೀನಾ ಪರ ಹಾರಿದ ಅಮೆರಿಕನ್ ಸ್ವಯಂಸೇವಕರ ಪಡೆ ಫ್ಲೈಯಿಂಗ್ ಟೈಗರ್ಸ್‌ನ ಪಿ-40 ವಿಮಾನಗಳಿಗೆ ಹೋಯಿತು. ಚೆಂದವೇ, ಆದರೆ ಎಲ್ಲರ ಮನೆಯಲ್ಲೂ ಅದೇ ಇದೆ.

ಗೋಂದಿನ_ಬೆರಳು, ಸಕಲೇಶಪುರ

ಚರಿತ್ರೆ ತೋಟದವರು ಹೇಳಿದರು, ನಾನು ಅಂಟಿಸುವ ವಿಷಯ ಹೇಳುತ್ತೇನೆ. ಹಳದಿಯಾದ ಹಾಳೆಯನ್ನು ಕಿಟಕಿ ಗಾಜಿಗೆ ಟೇಪ್ ಹಾಕಿ ಬಿಸಿಲಿಗೆ ಇಟ್ಟರೆ ಹಳದಿ ಇಳಿಯುತ್ತದೆ. ನಮ್ಮೂರಲ್ಲಿ ಆಷಾಢದಲ್ಲಿ ಬಿಸಿಲು ಅಂದರೆ ನಗುತ್ತಾರೆ, ನಿಮ್ಮ ಹಾಸನದಲ್ಲಿ ಪರವಾಗಿಲ್ಲ. ಹಳೇ ಹಾಳೆಯನ್ನು ನೀರಿಗೆ ಹಾಕುವ ಮೊದಲು ಮೇಲೊಂದು ಕ್ಲಿಯರ್ ಕೋಟ್ (ಬಣ್ಣವಿಲ್ಲದ ವಾರ್ನಿಷ್) ಹೊಡೆಯಿರಿ, ಇಲ್ಲದಿದ್ದರೆ ನೀರಲ್ಲೇ ಚೂರು ಚೂರು. ಮಳೆ ಹಿಡಿದಾಗ ಮಾತ್ರ ಲ್ಯಾಕರ್ ಮುಟ್ಟಬೇಡಿ, ಬೆಳ್ಳಗೆ ಮಂಜು ಕೂತ ಹಾಗೆ ಆಗಿಬಿಡುತ್ತದೆ, ನನ್ನ ಒಂದು ಹರಿಕೇನ್ ವಿಮಾನದ ಮಾಡೆಲ್ ಹಾಗೇ ಹೋಯಿತು.

ಮನೆಯಲ್ಲೇ ಪ್ರಿಂಟ್ ಮಾಡುವ ಯೋಚನೆ ಇದ್ದರೆ, ಇಂಕ್‌ಜೆಟ್‌ಗೆ ಬಿಳಿ ಬಣ್ಣವೇ ಇಲ್ಲ ಅನ್ನುವುದು ನೆನಪಿರಲಿ. ಪಾರದರ್ಶಕ ಹಾಳೆಯಲ್ಲಿ ತೆಗೆದರೆ ಹಸಿರು ವಿಮಾನದ ಮೇಲೆ ಚಿತ್ರ ಕಾಣುವುದೇ ಇಲ್ಲ. ಬಿಳಿ ಡೆಕಾಲ್ ಹಾಳೆ ತಗೊಂಡು ಅಂಚಿಗೆ ಸರಿಯಾಗಿ ಕತ್ತರಿಸಿ. ನಾಲ್ಕು ಅಡಿ ಚಿತ್ರ ನಮ್ಮ ಅಳತೆಗೆ ಒಂದೂಮುಕ್ಕಾಲು ಸೆಂಟಿಮೀಟರ್ ಕೂಡ ಇಲ್ಲ, ಸಣ್ಣ ಕತ್ತರಿ ಬೇಕು.

ಹೇಮಾವತಿ_ಹುಡುಗ, ಹಾಸನ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಯೋಚಿಸಿದೆ. ನಮ್ಮ ವಾಯುಪಡೆಯದ್ದೇ ಮಾಡುತ್ತೇನೆ, ಎಚ್‌ಇ924 ನಂಬರಿನ ಲಿಬರೇಟರ್. ಅದು ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ಇದೆ, ಫೋಟೋ ಬೇಕಾದಷ್ಟು ಸಿಗುತ್ತದೆ. ಮೂಗಿನ ಮೇಲೆ ಹುಡುಗಿ ಇಲ್ಲ, ಶಾರ್ಕ್ ಇಲ್ಲ, ಅಮ್ಮನೂ ಖುಷಿ. ಬೆಳ್ಳಿ ಬಣ್ಣ ಹೊಡೆದು ಚಕ್ರ ಅಂಟಿಸಿದರೆ ಮುಗಿಯಿತು ಅಲ್ವಾ?

ಗೋಂದಿನ_ಬೆರಳು, ಸಕಲೇಶಪುರ

ಸುಲಭ ಅಂದುಕೊಂಡಿರಾ? ಹಸಿರು ಬಣ್ಣ ತಪ್ಪು ಮುಚ್ಚುತ್ತದೆ, ಬೆಳ್ಳಿ ಬಣ್ಣ ಒಂದೊಂದು ಗೀರನ್ನೂ ಎತ್ತಿ ತೋರಿಸುತ್ತದೆ. ರೆಕ್ಕೆ ಕೂಡಿಸಿದ ಜಾಗದ ಹತ್ತಿರದ ಫೋಟೋ ಒಂದು ಹಾಕಿ ನೋಡೋಣ.

ಹೇಮಾವತಿ_ಹುಡುಗ, ಹಾಸನ

ಬೇಡ ಸರ್. ಉಜ್ಜುವ ಕಾಗದ ಎಷ್ಟು ನಂಬರಿನದು ತರಲಿ ಹೇಳಿ.