ಆಶ್‌ಲ್ಯಾಂಡ್ ಲೈವ್ ಕ್ಯಾಮೆರಾ: ಗೂಡ್ಸ್ ಬಂದ ಕೂಡಲೇ ಚಿತ್ರ ಸಿಕ್ಕಿಕೊಳ್ಳುತ್ತದೆ

ಗೂಡ್ಸ್‌ಗಾಡಿ:
ನಮಸ್ಕಾರ. ವರ್ಜೀನಿಯಾದ ಆಶ್‌ಲ್ಯಾಂಡ್‌ನಲ್ಲಿ ಊರಿನ ನಡುಬೀದಿಯಲ್ಲೇ ಜೋಡಿ ಹಳಿ ಇದೆಯಲ್ಲ, ಅಲ್ಲಿನ ಲೈವ್ ಕ್ಯಾಮೆರಾ ನೋಡುವ ಚಟ ಹತ್ತಿದೆ. ಹಳಿ ದಾಟುವ ಕಾಲೇಜು ಹುಡುಗರು, ನಾಯಿ ಹಿಡಿದು ನಡೆಯುವವರು, ಅಂಗಡಿ ಮುಂದೆ ನಿಂತ ಕಾರು, ಎಲ್ಲ ನೀಟಾಗಿ ಕಾಣುತ್ತದೆ. ಸಿಎಸ್‌ಎಕ್ಸ್ ರೈಲು ಕಂಪನಿಯ ಗೂಡ್ಸ್ ಬಂತೋ, ಮುಗಿಯಿತು. ಎಂಜಿನ್ ಅರ್ಧ ಬಂದು ನಿಂತುಬಿಡುತ್ತದೆ, ಮತ್ತೆ ನೋಡಿದರೆ ಐದಾರು ವ್ಯಾಗನ್ ದಾಟಿ ಹೋಗಿರುತ್ತವೆ. ನಾನು ಕಾದು ಕೂತಿದ್ದೇ ಅದಕ್ಕೆ! ಹಳೇ ಲ್ಯಾಪ್‌ಟಾಪ್, ಕ್ರೋಮ್, ಫೈಬರ್ ನೆಟ್. ಯೂಟ್ಯೂಬ್‌ನಲ್ಲಿ 1080ಕ್ಕೆ ಇಟ್ಟಿದ್ದೇನೆ.

ಸಿಗ್ನಲ್‌ಕಂಬ:
ಸಂಜೆ ಹೊತ್ತು ಎಲ್ಲರ ಮನೆಯಲ್ಲೂ ನೆಟ್ ಸ್ಲೋ. ರೂಟರ್ ಆಫ್ ಮಾಡಿ ಆನ್ ಮಾಡಿ.

ಲೋಕೋಶೆಡ್:
ತಡೀರಿ, ಸುಮ್ನೆ ರೂಟರ್ ಯಾಕೆ ಮುಟ್ಟುತ್ತೀರಿ. ಸರ್, ಚಿತ್ರ ನಿಂತಾಗ ಸದ್ದೂ ನಿಲ್ಲುತ್ತದಾ?

ಗೂಡ್ಸ್‌ಗಾಡಿ:
ಇಲ್ಲ. ಗೇಟಿನ ಗಂಟೆ, ಹಾರ್ನ್ (ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ), ಚಕ್ರದ ಸದ್ದು, ಯಾವುದೂ ತಪ್ಪುವುದಿಲ್ಲ.

ಲೋಕೋಶೆಡ್:
ಹಾಗಾದರೆ ನೆಟ್ ಅಲ್ಲ. ನೆಟ್ ಕೈಕೊಟ್ಟರೆ ಚಿತ್ರ, ಸದ್ದು ಎರಡೂ ನಿಂತು ಸುತ್ತುವ ಚಕ್ರ ಬರುತ್ತದೆ. ನಿಮಗೆ ಡೇಟಾ ಬಂದಿದೆ, ಲ್ಯಾಪ್‌ಟಾಪ್‌ಗೆ ಅದನ್ನು ಬಿಡಿಸಿ ತೋರಿಸಲು ಆಗುತ್ತಿಲ್ಲ. ಖಾಲಿ ಬೀದಿಯಲ್ಲಿ ಒಂದು ಫ್ರೇಮಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇರುವುದಿಲ್ಲ, ಬದಲಾದ ಭಾಗವನ್ನಷ್ಟೇ ಕಳಿಸಿದರೆ ಸಾಕು, ಲ್ಯಾಪ್‌ಟಾಪ್‌ಗೆ ಕೆಲಸ ಕಡಿಮೆ. ಕಂಟೇನರ್ ರೈಲು ಬಂದರೆ ಪರದೆಯ ಮುಕ್ಕಾಲು ಭಾಗ ಪ್ರತಿ ಫ್ರೇಮಿಗೂ ಹೊಸದು. ಹಳೇ ಮೆಷಿನ್ ಅಲ್ಲೇ ಸುಸ್ತು.

ಖಾತ್ರಿ ಮಾಡಿಕೊಳ್ಳಿ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದಿಟ್ಟು ರೈಲಿಗೆ ಕಾಯಿರಿ. ರೈಲು ಹಾದುಹೋಗುವಾಗ ಡ್ರಾಪ್ಡ್ ಫ್ರೇಮ್ಸ್ (ತೋರಿಸದೆ ಬಿಟ್ಟ ಫ್ರೇಮುಗಳ ಲೆಕ್ಕ) ಸರಸರ ಏರಿದರೆ ಲ್ಯಾಪ್‌ಟಾಪ್‌ದೇ ತೊಂದರೆ. ಬಫರ್ ಹೆಲ್ತ್ (ಮುಂಚೆಯೇ ಬಂದು ಕೂತಿರುವ ವಿಡಿಯೋ ಎಷ್ಟು ಅನ್ನುವುದು) ಸೊನ್ನೆಗೆ ಇಳಿದರೆ ಸಿಗ್ನಲ್‌ಕಂಬ ಹೇಳಿದ ಹಾಗೆ ನೆಟ್. ಎರಡೂ ಸರಿಯಿದ್ದು, ಚಿತ್ರ ಓಡುತ್ತಲೇ ಇದ್ದು ಬರೀ ಚೌಕಚೌಕ ಕಂಡರೆ ಕ್ಯಾಮೆರಾ ಕಡೆಯಿಂದಲೇ ಹಾಗೆ ಬರುತ್ತಿದೆ, ನಾವು ಏನೂ ಮಾಡುವಂತಿಲ್ಲ.

ಗೂಡ್ಸ್‌ಗಾಡಿ:
ಡ್ರಾಪ್ಡ್ ಫ್ರೇಮ್ಸ್ ಆಟೋ ಮೀಟರ್ ಥರ ಓಡುತ್ತಿದೆ. ಬಫರ್ ಅಲ್ಲಾಡುತ್ತಿಲ್ಲ. ಕೋಡೆಕ್ ಅಂತ ಇರುವಲ್ಲಿ ವಿಪಿ09 ಇದೆ.

ಲೋಕೋಶೆಡ್:
ಅದೇ. ಕೋಡೆಕ್ ಅಂದರೆ ವಿಡಿಯೋ ಕುಗ್ಗಿಸಿ ಕಳಿಸುವ ವಿಧಾನ, ವಿಪಿ09 ಅಂದರೆ ವಿಪಿ9, ಅಂಥದ್ದರಲ್ಲೊಂದು. ಮೊದಲು ಕ್ರೋಮ್ ಸೆಟ್ಟಿಂಗ್ಸ್, ಸಿಸ್ಟಮ್‌ಗೆ ಹೋಗಿ ಗ್ರಾಫಿಕ್ಸ್ ಆಕ್ಸಿಲರೇಶನ್ (ವಿಡಿಯೋ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದು) ಆನ್ ಇದೆಯಾ ನೋಡಿ, ಇಲ್ಲದಿದ್ದರೆ ಆನ್ ಮಾಡಿ ಕ್ರೋಮ್ ಮುಚ್ಚಿ ತೆರೆಯಿರಿ. ಆಗಲೂ ಹಾಗೇ ಇದ್ದರೆ ನಿಮ್ಮ ಚಿಪ್‌ನಲ್ಲಿ ವಿಪಿ9 ಬಿಡಿಸುವ ವ್ಯವಸ್ಥೆ ಇಲ್ಲ ಅಂತ ಕಾಣುತ್ತದೆ. ಎಚ್264ಇಫೈ ಥರದ ಕ್ರೋಮ್ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಎಚ್.264 ಅನ್ನುವ ಹಳೇ ಕೋಡೆಕ್‌ನಲ್ಲಿ ಕೊಡುತ್ತದೆ, ಹಳೇ ಮೆಷಿನ್‌ಗೆ ಅದು ಹಗುರ. 720ಕ್ಕೆ ಇಳಿಸಿದರೂ ನಡೆಯುತ್ತದೆ, ಆದರೆ ವ್ಯಾಗನ್ ನಂಬರ್ ಓದಲು ಆಗುವುದಿಲ್ಲ. ಆಮೇಲೆ ರೈಲು ನೋಡಿ ಏನು ಪ್ರಯೋಜನ ಅಲ್ವಾ?

ರಿಚ್ಮಂಡ್‌ವಾಸಿ:
ಆಶ್‌ಲ್ಯಾಂಡ್ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಗೂಡ್ಸ್‌ಗೆ ಪ್ರಕಟವಾದ ಟೈಮ್‌ಟೇಬಲ್ ಇಲ್ಲ, ಹಾಗಾಗಿ ಟೆಸ್ಟ್ ಮಾಡಲು ಆಮ್‌ಟ್ರಾಕ್ ಪ್ಯಾಸೆಂಜರ್ ರೈಲು ಹಿಡಿಯಿರಿ. ಅವರ ಸೈಟಿನ ಮ್ಯಾಪ್‌ನಲ್ಲಿ ರೈಲು ಎಲ್ಲಿದೆ ಅಂತ ಕಾಣುತ್ತದೆ. ಫ್ಲಾರಿಡಾದ ಸ್ಯಾನ್‌ಫರ್ಡ್‌ನಿಂದ ಲಾರ್ಟನ್‌ಗೆ ಬರುವ ಆಟೋ ಟ್ರೇನ್ ಪ್ರಯಾಣಿಕರ ಕಾರುಗಳನ್ನೂ ಹೊತ್ತು ತರುತ್ತದೆ, ಬಲು ಉದ್ದ, ಆಶ್‌ಲ್ಯಾಂಡ್‌ನಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಹಾದುಹೋಗುತ್ತದೆ. ಇಲ್ಲಿ ಬೆಳಗ್ಗೆ 8 ಅಂದರೆ ಭಾರತದಲ್ಲಿರುವ ನಿಮಗೆ ಬೇಸಿಗೆಯಲ್ಲಿ ಸಂಜೆ 5:30, ನವೆಂಬರ್‌ನಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 6:30.

ಗೂಡ್ಸ್‌ಗಾಡಿ:
ಆಕ್ಸಿಲರೇಶನ್ ಆನ್ ಇತ್ತು, ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಸರಿಹೋಯಿತು. ಈಗ ಕಲ್ಲಿದ್ದಲು ಗಾಡಿಯೊಂದು ಕೊನೇ ವ್ಯಾಗನ್‌ವರೆಗೂ ತಡೆಯಿಲ್ಲದೆ ಹೋಯಿತು. ಥ್ಯಾಂಕ್ಸ್! ಇನ್ನೊಂದು ವಿಷಯ, ಬುಕ್‌ಮಾರ್ಕ್ ಮಾಡಿದ ಲಿಂಕ್ ಆಗಾಗ 'ವಿಡಿಯೋ ಲಭ್ಯವಿಲ್ಲ' ಅನ್ನುತ್ತದಲ್ಲ?

ಲೋಕೋಶೆಡ್:
ಹೊಸದಾಗಿ ಲೈವ್ ಶುರು ಮಾಡಿದಾಗ ಲಿಂಕ್ ಬದಲಾಗಬಹುದು. ವಿಡಿಯೋ ಬಿಟ್ಟು ಚಾನೆಲ್‌ನ ಲೈವ್ ಪುಟವನ್ನು ಬುಕ್‌ಮಾರ್ಕ್ ಮಾಡಿ.