ಅಪ್‌ಡೇಟ್: ಮಗು ಒಪ್ಪಿಸೋ ಪತ್ರಕ್ಕೆ ಸಹಿ ಹಾಕಿದ್ರೆ ತಾಯಿ ಹಕ್ಕು ಅಲ್ಲಿಗೇ ಮುಗೀತದೇನು?

ಗದಗದಲ್ಲಿ ತಾಯಿಯೊಬ್ಬಳು ಮಗುವನ್ನು ದತ್ತಕಕ್ಕೆ ಒಪ್ಪಿಸೋ ಪತ್ರಕ್ಕೆ ಸಹಿ ಹಾಕಿದ ಕೇಸ್ ಬಗ್ಗೆ ಮೊದಲು ಇದನ್ನೇ ಕೇಳಿದ್ದೆ. ಉತ್ತರ: ಇಲ್ಲ. ಮಕ್ಕಳ ಕಲ್ಯಾಣ ಸಮಿತಿ (ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡೋ ಜಿಲ್ಲೆಯ ಸರ್ಕಾರಿ ಸಮಿತಿ) ಎದುರು ಸಹಿ ಆದ ಮೇಲೂ ಮನಸ್ಸು ಬದಲಿಸೋಕೆ 60 ದಿನ ಅದಾವ. ಆಮೇಲೆ ಸಮಿತಿಯ ಕನಿಷ್ಠ ಮೂರು ಸದಸ್ಯರು ಸೇರಿ ಮಗು ದತ್ತಕಕ್ಕೆ ಕಾನೂನುಬದ್ಧವಾಗಿ ಮುಕ್ತ ಅಂತ ಆದೇಶ ಮಾಡ್ತಾರ. ಹೆತ್ತವರ ನಂಟು ಪೂರ್ತಿ ಕಡಿಯೋದು ದತ್ತಕ ಆದೇಶದಿಂದ. 2022ರ ಸೆಪ್ಟೆಂಬರ್‌ನಿಂದ ಆ ಆದೇಶ ಕೊಡೋದು ಕೋರ್ಟಲ್ಲ, ಜಿಲ್ಲಾಧಿಕಾರಿ.

ಕೇಸ್ ಸಿಕ್ಕಿಹಾಕ್ಕೊಳ್ಳೋದು ಅಪ್ಪನ ಸಹಿಯಲ್ಲಿ. ಮದುವೆಯಾದ ದಂಪತಿಯ ಮಗುವಾದ್ರೆ ಇಬ್ಬರ ಸಹಿಯೂ ಬೇಕು; ಒಬ್ಬರು ತೀರಿಕೊಂಡಿದ್ರೆ ಮರಣ ಪ್ರಮಾಣಪತ್ರ. ಅಪ್ಪ ಎಲ್ಲಿದಾನ ಗೊತ್ತಿಲ್ಲ ಅಂದ್ರೆ ತಾಯಿ ಒಬ್ಬಳ ಸಹಿಗೆ ನಡೆಯೋದಿಲ್ಲ, ಮಗುವನ್ನು ಪರಿತ್ಯಕ್ತ (ಹೆತ್ತವರು ಬಿಟ್ಟುಹೋದ ಮಗು) ಅಂತ ಪರಿಗಣಿಸಿ ಹೆತ್ತವರ ಹುಡುಕಾಟ ನಡೆಸ್ತಾರ. ಎರಡು ವರ್ಷದೊಳಗಿನ ಕೂಸಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಕ್ಕಳಿಗೆ ನಾಲ್ಕು ತಿಂಗಳೊಳಗೆ ದತ್ತಕಕ್ಕೆ ಮುಕ್ತ ಅನ್ನೋ ಘೋಷಣೆ ಆಗಬೇಕು. ಮದುವೆಯಿಲ್ಲದೆ ಹುಟ್ಟಿದ ಮಗುವನ್ನು ತಾಯಿ ಒಬ್ಬಳೇ ಒಪ್ಪಿಸಬಹುದು.

‘ನೂರು ರೂಪಾಯಿ ಬಾಂಡ್ ಪೇಪರ್ ಮ್ಯಾಲೆ ಬರಸ್ಕೊಂಡು ಆಸ್ಪತ್ರೆಯಿಂದಲೇ ಒಯ್ರಿ’ ಅನ್ನೋ ಸಲಹೆ ಮಾತ್ರ ಕಿವಿಗೆ ಹಾಕ್ಕೋಬ್ಯಾಡ್ರಿ. ಹಾಗೆ ಕೊಟ್ಟವರಿಗೂ ತಗೊಂಡವರಿಗೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಅಥವಾ ಎರಡೂ ಆಗಬಹುದು. ಹಣ ಕೈ ಬದಲಾಗಿದ್ರೆ ಐದು ವರ್ಷದವರೆಗೆ.