ಸಹಾಯ ಬೇಕು: ಗುಡ್ಡ ಬಿರುಕು ಬಿಟ್ಟಿದೆ, ಅರ್ಜಿ ಯಾರಿಗೆ ಕೊಡಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ-ಅಂಕೋಲಾ ನಡುವಿನ ಹೆದ್ದಾರಿ ಪಕ್ಕದ ಕೇರಿ. ರಸ್ತೆ ಅಗಲ ಮಾಡುವಾಗ ಗುಡ್ಡವನ್ನು ಗೋಡೆ ಹಾಗೆ ನೇರ ಕಡಿದಿದ್ದಾರೆ. ಈಗ ಮೇಲ್ಗಡೆ ಗೇರು ಮರಗಳ ಸಾಲಿನಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆ. ಮಳೆ ನೀರು ಸೀದಾ ಅದರೊಳಗೇ ಇಳಿಯುತ್ತದೆ. ಕೆಳಗೆ ಮನೆಗಳಿವೆ, ಅಂಗನವಾಡಿ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಿದ್ದು ನೋಡಿದ ಮೇಲೆ ಸುಮ್ನೆ ಕೂರಲು ಆಗುವುದಿಲ್ಲ ಅಲ್ವಾ?

ಪಂಚಾಯಿತಿಯವರು ಹೆದ್ದಾರಿಯವರನ್ನು ಕೇಳಿ ಅಂತಾರೆ, ಅವರು ತಾಲೂಕು ಕಚೇರಿ ಕಡೆ ಕೈ ತೋರಿಸುತ್ತಾರೆ. ‘ಗುಡ್ಡ ಕುಸಿಯುವ ಸ್ಥಳ, ಎಚ್ಚರಿಕೆ’ ಅಂತ ಒಂದು ಬ್ಯಾನರ್ ಮಾತ್ರ ಕಟ್ಟಿ ಹೋಗಿದ್ದಾರೆ. ಅಲ್ಲೇ ಮನೆ ಇದ್ದವರು ಎಚ್ಚರಿಕೆಯಿಂದ ಎಲ್ಲಿಗೆ ಹೋಗಬೇಕೋ!

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹಾಗಾಗಿ ನೇರ ಕಾರವಾರಕ್ಕೇ ಅರ್ಜಿ ಕೊಡುವ ಯೋಚನೆ ಇದೆ. ಭೂವಿಜ್ಞಾನಿಗಳನ್ನು ಕರೆಸಿ ಪರಿಶೀಲನೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಅರ್ಜಿಯ ನಮೂನೆ ಇದ್ದರೆ ದಯವಿಟ್ಟು ಕಳಿಸಿ.

ಇನ್ನೊಂದು ವಿಷಯ. ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು ಆರ್‌ಟಿಐ ಕಾಯ್ದೆಯಡಿ 48 ಗಂಟೆಯೊಳಗೆ ಕೊಡಬೇಕು. ಹಳೆಯ ಸಮೀಕ್ಷಾ ವರದಿ ಕೇಳಲು ಇದು ನಡೆಯುತ್ತದಾ? ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಆಗಲೇ ತಿಳಿಸಿದ್ದೇವೆ. ಅದಕ್ಕಿಂತ ಮುಂದಿನ ದಾರಿ ಗೊತ್ತಿದ್ದವರು ಹೇಳಿ.